ಬಿರುಕು, ಸೀಳು, ಶಿಥಿಲ: ಮನೆಯ ತಪಾಸಣಾ ವರದಿಯ ಮಾತುಗಳನ್ನು ಕುರಿತು

ಆತ್ಮೀಯರೇ,

ಹಳೆಯ ಮನೆಯೊಂದನ್ನು ಕೊಳ್ಳುವ ಮುನ್ನ ಅಥವಾ ದುರಸ್ತಿಗೆ ಕೈಹಾಕುವ ಮುನ್ನ ಅದರ ಪಾಯ, ಗೋಡೆ, ಮಾಡುಗಳನ್ನು ಪರೀಕ್ಷಿಸಿ, ಕಂಡದ್ದನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಕೆಲವು ಪದಗಳ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಕೇಳಲು ಬರೆಯುತ್ತಿದ್ದೇನೆ. ಇಂಥ ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವುದೇ ರೂಢಿಯಾಗಿದ್ದರೂ, ದುಡ್ಡು ಹಾಕುವವರು, ಆ ಮನೆಯಲ್ಲಿ ಬಾಳಬೇಕಾದವರು, ಕೊನೆಗೆ ಕೆಲಸಕ್ಕೆ ನಿಲ್ಲುವ ಮೇಸ್ತ್ರಿ ಇವರೆಲ್ಲರಿಗೂ ಅದು ಕನ್ನಡದಲ್ಲಿದ್ದರೇ ಉಪಯೋಗ. ಆದರೆ ಕನ್ನಡದಲ್ಲಿ ಬರೆದ ವರದಿಗಳನ್ನು ತೆಗೆದು ನೋಡಿದರೆ 'ಶಿಥಿಲವಾಗಿದೆ', 'ಬಿರುಕು ಬಿಟ್ಟಿದೆ', 'ದೋಷ ಕಂಡುಬಂದಿದೆ' ಎಂಬ ಮೂರು ಮಾತುಗಳಲ್ಲೇ ಎಲ್ಲವೂ ಮುಗಿದಿರುತ್ತದೆ. ಕಟ್ಟಡದವರ ಬಾಯಲ್ಲಿ ಇದಕ್ಕಿಂತ ಎಷ್ಟೋ ಖಚಿತವಾದ ಮಾತುಗಳಿವೆ. ಅವನ್ನು ಬರವಣಿಗೆಗೆ ತರುವುದಾದರೆ ಯಾವುದನ್ನು ಯಾವ ಅರ್ಥಕ್ಕೆ ನಿಲ್ಲಿಸಬೇಕು ಎಂಬುದು ನನ್ನ ಪ್ರಶ್ನೆ.

ಮೊದಲು 'ಶಿಥಿಲ'. ಸಂಸ್ಕೃತದಲ್ಲಿ ಇದರ ಮೂಲಾರ್ಥ ಸಡಿಲವಾದದ್ದು, ಬಿಗಿ ತಪ್ಪಿದ್ದು. ನಮ್ಮ ಛಂದಸ್ಸಿನ 'ಶಿಥಿಲದ್ವಿತ್ವ' ಆ ಅರ್ಥವನ್ನು ಇಂದಿಗೂ ಉಳಿಸಿಕೊಂಡಿದೆ. ಅಲ್ಲಿ ಒತ್ತಕ್ಷರವಿದ್ದರೂ ಉಚ್ಚಾರಣೆ ಬಿಗಿಯಾಗಿಲ್ಲದ ಕಾರಣ ಹಿಂದಿನ ಅಕ್ಷರ ಗುರುವಾಗುವುದಿಲ್ಲ. ಕಟ್ಟಡದ ವಿಷಯದಲ್ಲಿ ಮಾತ್ರ 'ಶಿಥಿಲ' ಎಂದರೆ ಇಂದೋ ನಾಳೆಯೋ ಬೀಳುವಂಥದ್ದು ಎಂದೇ ಜನ ತಿಳಿಯುತ್ತಾರೆ, ಪತ್ರಿಕೆಗಳೂ ಹಾಗೆಯೇ ಬಳಸುತ್ತವೆ. ಗಾರೆ ಉದುರಿದ ಗೋಡೆಗೂ, ಪಾಯ ಕುಸಿದ ಗೋಡೆಗೂ ಒಂದೇ ಪದ ಬಿದ್ದರೆ ಓದುವವರಿಗೆ ಅಪಾಯ ಎಷ್ಟು, ಖರ್ಚು ಎಷ್ಟು ಎಂಬ ಅಂದಾಜು ಸಿಗುವುದಿಲ್ಲ. ಹಾಗಾಗಿ ವಾಸಕ್ಕೆ ಯೋಗ್ಯವಲ್ಲದ, ಆಧಾರ ತಪ್ಪಿದ ಕಟ್ಟಡಕ್ಕೆ ಮಾತ್ರ ಈ ಪದವನ್ನು ಮೀಸಲಿಡಬೇಕೆಂಬುದು ನನ್ನ ನಿಲುವು.

ಇದು ಬರಿಯ ಭಾಷೆಯ ಅಚ್ಚುಕಟ್ಟುತನದ ಮಾತಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಊರುಗಳಲ್ಲಿ ಬಿದ್ದ ಮನೆಗಳ ಸಮೀಕ್ಷೆ ನಡೆದಾಗ ಹಾನಿಯನ್ನು ಶೇಕಡಾವಾರು ಅಳೆದು, ಶೇ 75ಕ್ಕಿಂತ ಹೆಚ್ಚಾದರೆ 'ಎ', ಶೇ 25ರಿಂದ 75ರವರೆಗೆ 'ಬಿ', ಶೇ 15ರಿಂದ 25ರವರೆಗೆ 'ಸಿ' ಎಂದು ವರ್ಗ ಮಾಡಲಾಯಿತು, ಪರಿಹಾರವೂ ಆ ವರ್ಗವನ್ನೇ ಅನುಸರಿಸಿತು. ಇಂಥಲ್ಲಿ ಮಣ್ಣಿನ ಗೋಡೆಯ ಮಾತು ಬಹಳ ಸೂಕ್ಷ್ಮ. ನೀರಿನಲ್ಲಿ ನಿಂತ ಮಣ್ಣಿನ ಗೋಡೆ ನೋಡುವಾಗ ನೆಟ್ಟಗೆ ನಿಂತೇ ಇರುತ್ತದೆ. ಬುಡ ನೆನೆದು, ಕರಗಿ, ಕೊರೆದುಹೋಗಿ, ನೆರೆ ಇಳಿದ ಮೇಲೆ ಒಣಗುವ ಹೊತ್ತಿಗೆ ಒಮ್ಮೆಲೇ ಕುಸಿಯುವುದುಂಟು. 'ಗೋಡೆಯಲ್ಲಿ ಬಿರುಕು ಕಂಡಿದೆ' ಎಂದು ಬರೆಯುವುದಕ್ಕೂ 'ಗೋಡೆಯ ಬುಡ ನೆನೆದು ಕೊರೆದುಹೋಗಿದೆ' ಎಂದು ಬರೆಯುವುದಕ್ಕೂ ಇರುವ ಅಂತರ ಆ ಮನೆಯವರ ಪಾಲಿಗೆ ಬಹಳ ದೊಡ್ಡದು.

ಇನ್ನು 'ಬಿರುಕು'. ಇದು 'ಬಿರಿ' ಧಾತುವಿನಿಂದ ಬಂದದ್ದು. ಮೊಗ್ಗು ಬಿರಿಯುತ್ತದೆ, ಬೇಸಗೆಯಲ್ಲಿ ನೆಲ ಬಿರಿಯುತ್ತದೆ, ಅಂದರೆ ಒಳಗಿನ ಒತ್ತಡದಿಂದಲೋ ಕುಗ್ಗುವಿಕೆಯಿಂದಲೋ ತಾನಾಗಿ ತೆರೆದುಕೊಳ್ಳುವುದು. 'ಸೀಳು' ಹಾಗಲ್ಲ, ಅಲ್ಲಿ ಬಲ ಬಿದ್ದಿದೆ, ಅಖಂಡವಾಗಿದ್ದದ್ದು ಎರಡು ಭಾಗವಾಗಿದೆ. ಸೌದೆಯನ್ನು ಸೀಳುತ್ತೇವೆ, ಬಿರಿಯುವುದಿಲ್ಲ. ಈ ವ್ಯತ್ಯಾಸವನ್ನು ವರದಿಯಲ್ಲಿ ಬಳಸಿಕೊಳ್ಳಬಹುದೆಂದು ನನಗೆ ತೋರುತ್ತದೆ: ಗಾರೆಯ ಮೇಲ್ಮೈಯಲ್ಲಿ, ಸಿಮೆಂಟು ಒಣಗಿ ಕುಗ್ಗಿದ್ದರಿಂದ ಬಲೆಯಂತೆ ಹರಡಿದ ಎಳೆಗಳಿಗೆ 'ಬಿರುಕು' ಎಂದೂ, ಗೋಡೆಯ ದಪ್ಪವನ್ನು ದಾಟಿ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವುದಕ್ಕೆ 'ಸೀಳು' ಎಂದೂ ಕರೆದರೆ, ಓದುವವರಿಗೆ ಮೊದಲನೆಯದು ಬಣ್ಣದವರ ಕೆಲಸ, ಎರಡನೆಯದು ಎಂಜಿನಿಯರರ ಕೆಲಸ ಎಂಬುದು ಪದದಿಂದಲೇ ತಿಳಿಯುತ್ತದೆ. ಆದರೆ ಮಾತಿನಲ್ಲಿ ಈ ಎರಡನ್ನೂ ಕೂಡಿಸಿ 'ಬಿರುಕು' ಎನ್ನುವವರೇ ಹೆಚ್ಚು. ಹೊಸದಾಗಿ ಗೆರೆ ಎಳೆಯುವುದು ಎಷ್ಟು ಸರಿ ಎಂಬುದನ್ನು ಭಾಷೆ ಬಲ್ಲವರು ಹೇಳಬೇಕು.

ಅಗಲದ ಅಳತೆ ಇದ್ದೇ ಇದೆಯಲ್ಲ ಎಂದು ಕೆಲವರು ಕೇಳಬಹುದು. ಭಾರತೀಯ ಮಾನಕ ಸಂಸ್ಥೆಯ 1984ರ ಕೈಪಿಡಿ 1 ಮಿಲಿಮೀಟರಿಗಿಂತ ಕಡಿಮೆಯದನ್ನು ತೆಳು, 1ರಿಂದ 2 ಮಿಲಿಮೀಟರಿನದನ್ನು ಮಧ್ಯಮ, 2ಕ್ಕಿಂತ ಹೆಚ್ಚಿನದನ್ನು ಅಗಲ ಎಂದು ವಿಂಗಡಿಸುತ್ತದೆ. ಅಳತೆ ಬೇಕು, ಅದನ್ನು ಬರೆಯಲೇಬೇಕು. ಆದರೆ ಬಿರುಕು ಯಾವ ದಾರಿ ಹಿಡಿದಿದೆ ಎಂಬುದು ಅದರ ಕಾರಣವನ್ನು ಅಗಲಕ್ಕಿಂತ ಸ್ಪಷ್ಟವಾಗಿ ಹೇಳುತ್ತದೆ. ತಾರಸಿಯೂ ಗೋಡೆಯೂ ಕೂಡುವಲ್ಲಿ ಉದ್ದಕ್ಕೂ ಅಡ್ಡಲಾಗಿ ಓಡಿದ್ದರೆ ಅದು ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗಿದ ಗುರುತಾಗಿರುವುದೇ ಹೆಚ್ಚು. ಇಟ್ಟಿಗೆಯ ಸಂದುಗಳನ್ನೇ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರಿದ್ದರೆ ಪಾಯದ ಒಂದು ಬದಿ ಇನ್ನೊಂದು ಬದಿಗಿಂತ ಹೆಚ್ಚು ಇಳಿದಿದೆಯೇ ಎಂದು ನೋಡಬೇಕು. ಕಾಂಕ್ರೀಟಿನ ಕಂಬದ ಮೇಲೆ ನೆಟ್ಟಗೆ, ಒಳಗಿನ ಕಂಬಿಗೆ ಸಮನಾಗಿ ಇಳಿದು, ಕಂದು ಕಲೆ ಜೊತೆಗಿದ್ದರೆ ಕಂಬಿಗೆ ತುಕ್ಕು ಹಿಡಿದಿದೆ. ಈ ಮೂರಕ್ಕೂ 'ಬಿರುಕು' ಎಂಬುದರ ಹಿಂದೆ ಅಡ್ಡ, ಮೆಟ್ಟಿಲು, ಕಂಬಿ ಎಂಬ ಒಂದೊಂದು ಪದ ಸೇರಿಸಿ ಸಮಾಸ ಮಾಡುವುದು ನನ್ನ ಸದ್ಯದ ಕ್ರಮ. 'ಮೆಟ್ಟಿಲು ಬಿರುಕು' ಎಂದರೆ ಮೆಟ್ಟಿಲಿನಲ್ಲಿ ಬಿದ್ದ ಬಿರುಕು ಎಂದು ತಪ್ಪು ತಿಳಿಯುವ ಸಂಭವವಿರುವುದರಿಂದ 'ಮೆಟ್ಟಿಲೇರಿಕೆ ಬಿರುಕು' ಎನ್ನಬಹುದೇ ಎಂಬ ಯೋಚನೆಯಿದೆ.

ಇನ್ನೊಂದು ತೊಡಕು, ನಿಂತುಹೋದ ಬಿರುಕಿಗೂ ಇನ್ನೂ ಬೆಳೆಯುತ್ತಿರುವ ಬಿರುಕಿಗೂ ಇರುವ ಭೇದ. ಇದನ್ನು ತಿಳಿಯಲು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದು ಕೆಲವು ತಿಂಗಳು ಬಿಡುತ್ತಾರೆ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ. ಒಂದೆರಡು ಕಡೆ 'ಜೀವಂತ ಬಿರುಕು' ಎಂದು ಬರೆದದ್ದನ್ನು ನೋಡಿದ್ದೇನೆ, ಅದು ಕನ್ನಡದ ಕಿವಿಗೆ ಒಗ್ಗುವುದಿಲ್ಲ. ಗದಗ, ಧಾರವಾಡ, ವಿಜಯಪುರದ ಎರೆ ನೆಲದಲ್ಲಿ ಮಳೆಗಾಲದಲ್ಲಿ ಮಣ್ಣು ಉಬ್ಬಿ, ಬೇಸಗೆಯಲ್ಲಿ ಕುಗ್ಗುವುದರಿಂದ ಗೋಡೆಯ ಬಿರುಕು ಋತುವಿಗೆ ತಕ್ಕಂತೆ ಬಾಯಿ ಬಿಡುತ್ತದೆ, ಬಾಯಿ ಮುಚ್ಚುತ್ತದೆ. ಅದನ್ನು 'ಬೆಳೆಯುವ ಬಿರುಕು' ಎಂದರೂ ಪೂರ್ತಿ ಸರಿಯಾಗದು. 'ಆಡುವ ಬಿರುಕು' ಎಂದರೆ ಹೇಗೆ? ಸಡಿಲಾದ ಕೀಲು, ಹಲ್ಲು, ಗೂಟ 'ಆಡುತ್ತದೆ' ಎಂದು ನಾವು ಹೇಳುವುದುಂಟು.

ಈಗ ನಾನು ಮೊದಲಲ್ಲಿ ಹೇಳಿದ ಕಟ್ಟಡದವರ ಮಾತಿಗೆ ಬರುತ್ತೇನೆ. ಅನುಭವಿ ಮೇಸ್ತ್ರಿಯೊಬ್ಬರು ಗೋಡೆ ನೋಡುವ ಕ್ರಮವನ್ನು ಹತ್ತಿರದಿಂದ ಗಮನಿಸಿ. ಕರಣೆಯ ಹಿಡಿಯಿಂದ ಗೋಡೆಯನ್ನು ಅಡಿಯಿಂದ ಮೇಲಕ್ಕೆ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಸದ್ದು ಬಂದಲ್ಲಿ ಮಾತಿಲ್ಲ. ಟೊಳ್ಳು ಸದ್ದು ಬಂದೊಡನೆ ಸುಣ್ಣದ ಚೂರಿನಿಂದ ಸುತ್ತ ಗೆರೆ ಎಳೆದು, 'ಇಲ್ಲಿ ಗಾರೆ ಬಿಟ್ಕೊಂಡಿದೆ ಸ್ವಾಮಿ, ಗೋಡೆ ಗಟ್ಟಿಯಾಗೇ ಇದೆ' ಎನ್ನುತ್ತಾರೆ. ಆಮೇಲೆ ತೂಗುಗುಂಡು ಇಳಿಬಿಟ್ಟು, ದಾರಕ್ಕೂ ಗೋಡೆಗೂ ನಡುವಿನ ಅಂತರ ಮೇಲೊಂದು ಕೆಳಗೊಂದು ಆದರೆ 'ವಾಲಿದೆ' ಎನ್ನುತ್ತಾರೆ. ಮೇಲೂ ಕೆಳಗೂ ಸರಿಯಿದ್ದು ನಡುವೆ ಮಾತ್ರ ಗೋಡೆ ಮುಂದೆ ಬಂದಿದ್ದರೆ 'ಹೊಟ್ಟೆ ಬಿಟ್ಟಿದೆ' ಎನ್ನುತ್ತಾರೆ. ನೆಲಕ್ಕೆ ರಸಮಟ್ಟ ಇಟ್ಟು ನೋಡಿ 'ಈ ಮೂಲೆ ಕೂತಿದೆ' ಎನ್ನುತ್ತಾರೆ. ತೊಲೆಯ ನಡುಭಾಗ ಇಳಿದಿದ್ದರೆ ಅದು 'ಜಗ್ಗಿದೆ'. ಬಿಟ್ಟುಕೊಳ್ಳುವುದು, ವಾಲುವುದು, ಹೊಟ್ಟೆ ಬಿಡುವುದು, ಕೂರುವುದು, ಜಗ್ಗುವುದು, ಇವು ಐದೂ ಬೇರೆ ಬೇರೆ ಕಾಯಿಲೆಗಳು, ಪ್ರತಿಯೊಂದಕ್ಕೂ ಬೇರೆ ಬೇರೆ ಚಿಕಿತ್ಸೆ. ವರದಿಯ ಭಾಷೆಗೆ ಇವು ಗ್ರಾಮ್ಯವೆಂದು ಹಿಂಜರಿದು 'ಗೋಡೆಯು ವಿರೂಪಗೊಂಡಿದೆ' ಎಂದು ಬರೆದರೆ ಗೌರವವೂ ಹೆಚ್ಚುವುದಿಲ್ಲ, ಅರ್ಥವೂ ಉಳಿಯುವುದಿಲ್ಲ. 'ಹೊಟ್ಟೆ ಬಿಟ್ಟಿದೆ' ಎಂಬುದನ್ನು ಯಥಾವತ್ತಾಗಿ ಬರೆಯಬೇಕೆಂದೇ ನನ್ನ ಆಗ್ರಹ.

ಮೇಲ್ಪದರ ಏಳುವುದಕ್ಕೂ ಎರಡು ಒಳ್ಳೆಯ ಮಾತುಗಳಿವೆ. ಸುಣ್ಣ, ಬಣ್ಣ ತೆಳುವಾಗಿ ಎದ್ದರೆ 'ಹಕ್ಕಳೆ ಎದ್ದಿದೆ'. ಕಾಂಕ್ರೀಟು, ಕಲ್ಲು ದಪ್ಪವಾಗಿ ಎದ್ದರೆ 'ಚಕ್ಕೆ ಎದ್ದಿದೆ'. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುವುದರಿಂದ ಹೊರಗಿನ ಕಾಂಕ್ರೀಟನ್ನು ತಳ್ಳಿ ಚಕ್ಕೆ ಏಳಿಸುತ್ತದೆ, ಆದ್ದರಿಂದ ಇಲ್ಲಿ ಪದ ಅದಲುಬದಲಾದರೆ ಗಂಭೀರವಾದದ್ದು ಸಣ್ಣದಾಗಿ ಕಾಣುತ್ತದೆ.

ನೀರಿನ ವಿಷಯದಲ್ಲಿ ಕನ್ನಡ ಸಮೃದ್ಧವಾಗಿದೆ. 'ಸೋರು' ಎಂದರೆ ದಾರಿ ಕಂಡುಕೊಂಡ ನೀರು, 'ತೊಟ್ಟಿಕ್ಕು' ಎಂದರೆ ಹನಿ ಬೀಳುವುದು, 'ಜಿನುಗು' ಎಂದರೆ ಸಣ್ಣಗೆ ಹೊರಬರುವುದು, 'ಒಸರು' ಎಂದರೆ ಮೈಯೆಲ್ಲ ಬೆವರಿದ ಹಾಗೆ ಬರುವುದು. ತಾರಸಿ ಸೋರುತ್ತದೆ, ಕೊಳವೆಯ ಕೂಡಿಕೆ ಜಿನುಗುತ್ತದೆ, ಗೋಡೆ ಒಸರುತ್ತದೆ. ತೇವಕ್ಕೆ ಕರಾವಳಿಯವರು ಹೇಳುವ 'ಪಸೆ' ಕೂಡ ಬೇಕಾದ ಪದ. ಆದರೆ ನೆಲದ ತೇವ ಗೋಡೆಯಲ್ಲಿ ಮೇಲಕ್ಕೆ ಹತ್ತಿ, ಒಣಗಿದಲ್ಲಿ ಬಿಳಿಯ ಪುಡಿಯನ್ನು ಬಿಟ್ಟುಹೋಗುವುದಕ್ಕೆ ಒಂದೇ ಮಾತಿನ ಹೆಸರು ನನಗೆ ಬೇಕಾಗಿದೆ. 'ಗೋಡೆ ಉಪ್ಪು ಕಾರಿದೆ' ಎಂಬುದು ನನಗೆ ಒಪ್ಪಿಗೆ. ಇದು ಬೂಷ್ಟು ಅಲ್ಲವೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಮರದ ವಿಷಯದಲ್ಲೂ 'ಹಾಳಾಗಿದೆ' ಎಂದರೆ ಸಾಲದು. ಮದ್ರಾಸು ತಾರಸಿಯ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಕಟ್ಟಿದ ತಾರಸಿಯ ಮನೆಗಳಲ್ಲಿ ತೊಲೆಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ ತೇವ ಹಿಡಿದು ಮೊದಲು ಅಲ್ಲೇ 'ಲಡ್ಡು' ಹಿಡಿಯುತ್ತದೆ, ಅಂದರೆ ಮರ ಕೊಳೆತು ಮೆತ್ತಗಾಗುತ್ತದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಕರಾವಳಿಯಲ್ಲಿ ಒರಲೆ. ಹಿಟ್ಟಿನಂಥ ಪುಡಿ ಉದುರಿದ್ದರೆ ಮರ ಕೊರೆಯುವ ಹುಳು, 'ಕುಟ್ಟೆ'.

ಕೊನೆಯದಾಗಿ 'ದೋಷ'. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೆಯ ಕಲಮಿನ ಪ್ರಕಾರ, ಮನೆ ವಶಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ಕಂಡ ದೋಷವನ್ನು ಗಮನಕ್ಕೆ ತಂದರೆ, ಕಟ್ಟಿಸಿಕೊಟ್ಟವರು 30 ದಿನದೊಳಗೆ ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ಹಾಗಾಗಿ ಕಾನೂನಿನ ಮಟ್ಟಿಗೆ ಈ ಪದ ಬೇಕೇಬೇಕು. ಆದರೆ 'ನಿಮ್ಮ ಮನೆಯಲ್ಲಿ ದೋಷವಿದೆ' ಎಂದರೆ ಕೇಳಿದವರ ಮನಸ್ಸು ನೇರವಾಗಿ ವಾಸ್ತುವಿಗೆ ಹೋಗುತ್ತದೆ, ಬಾಗಿಲಿನ ದಿಕ್ಕಿನ ಚಿಂತೆ ಹತ್ತುತ್ತದೆ. 'ಕಟ್ಟಡದ ದೋಷ', 'ಕಾಮಗಾರಿ ದೋಷ' ಎಂದು ವಿಶೇಷಣ ಸೇರಿಸಿಯೇ ಬರೆಯಬೇಕೆಂದು ನನಗನಿಸುತ್ತದೆ. 'ನ್ಯೂನತೆ', 'ಕುಂದು' ಎಂಬವು ಮೆದುವಾಗಿಬಿಡುತ್ತವೆ. ಶೀರ್ಷಿಕೆಯಲ್ಲೂ ಇದೇ ಎಚ್ಚರ ಬೇಕು. 'ಮನೆಯ ಸ್ಥಿತಿಗತಿ ವರದಿ' ಎಂದರೆ ಕುಟುಂಬದ ಆರ್ಥಿಕ ಪರಿಸ್ಥಿತಿ ಎಂದಾಗುವುದರಿಂದ 'ಮನೆ ಕಟ್ಟಡದ ತಪಾಸಣಾ ವರದಿ' ಎನ್ನುತ್ತಿದ್ದೇನೆ. ಕಂದಾಯದವರ 'ಸ್ಥಳ ತನಿಖೆ' ಹಳೆಯ ಒಳ್ಳೆಯ ಬಳಕೆಯಾದರೂ 'ತನಿಖೆ' ಈಗ ಅಪರಾಧದ ಕಡೆ ವಾಲಿದೆ.

ಬಲ್ಲವರು ದಯವಿಟ್ಟು ತಿಳಿಸಬೇಕಾದದ್ದು ಇಷ್ಟು: ಬಿರುಕು, ಸೀಳುಗಳ ನಡುವೆ ನಾನು ಹೇಳಿದ ಭೇದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ, 'ಆಡುವ ಬಿರುಕು' ಒಪ್ಪಿಗೆಯೇ, ಮಲೆನಾಡು, ಕರಾವಳಿ ಮತ್ತು ಕಲ್ಯಾಣ ಕರ್ನಾಟಕದ ಮೇಸ್ತ್ರಿಗಳು 'ಹೊಟ್ಟೆ ಬಿಟ್ಟಿದೆ', 'ಬಿಟ್ಟುಕೊಂಡಿದೆ' ಎಂಬುದಕ್ಕೆ ಏನೆನ್ನುತ್ತಾರೆ. ಪದದ ಜೊತೆಗೆ ಅದನ್ನು ಬಳಸಿದ ಒಂದು ಪೂರ್ತಿ ವಾಕ್ಯವನ್ನೂ, ಊರಿನ ಹೆಸರನ್ನೂ ಬರೆದರೆ ಅರ್ಥ ನಿಶ್ಚಯಿಸಲು ಅನುಕೂಲವಾಗುತ್ತದೆ.

ವಂದನೆಗಳು.