ಅಪ್‌ಡೇಟ್: ರೋಮ್‌ನ ಚಿನೆಚಿತ್ತಾ ನೋಡಿ ಬಂದೆವು

ರೋಮ್‌ನಲ್ಲಿ ಸಿಗುವ ಅರ್ಧ ದಿನವನ್ನು ಚಿನೆಚಿತ್ತಾ ಸಿನಿಮಾ ಸ್ಟುಡಿಯೊಗೆ ಕೊಡಬಹುದೇ ಎಂದು ಕೇಳಿದ್ದೆ. ಹೋಗಿ ಎಂದವರಿಗೆಲ್ಲ ಮನಸಾರೆ ಕೃತಜ್ಞತೆಗಳು. ಮೆಟ್ರೊ ‘ಎ’ ಮಾರ್ಗದಲ್ಲಿ ಸ್ಟುಡಿಯೊ ಹೆಸರಿನದೇ ನಿಲ್ದಾಣವಿದೆ, ದಾರಿ ಸುಲಭ.

ಪ್ರಾಚೀನ ರೋಮ್‌ನ ಸೆಟ್ಟಿನಿಂದ ಕಾಲು ಕೀಳಲು ಮನಸ್ಸೇ ಬರಲಿಲ್ಲ. ಎದುರಿನಿಂದ ನೋಡಿದರೆ ಕಲ್ಲಿನ ದೇಗುಲ. ಹಿಂದಕ್ಕೆ ಹೋದರೆ ತೆಳು ಫೈಬರ್‌ಗ್ಲಾಸ್, ಅದನ್ನು ಹೊತ್ತು ನಿಂತ ಕಬ್ಬಿಣದ ಕೊಳವೆಗಳು. ಗುಟ್ಟು ತಿಳಿದ ಮೇಲೆ ಆ ಕುಶಲಕರ್ಮಿಗಳ ಮೇಲಿನ ಗೌರವ ಇಮ್ಮಡಿಯಾಯಿತು. 1937ರಲ್ಲಿ ಮುಸೊಲಿನಿ ಉದ್ಘಾಟಿಸಿದ ಈ ಆವರಣದಲ್ಲಿ ಮಹಾಯುದ್ಧದ ಬಳಿಕ ನಿರಾಶ್ರಿತರು ಬದುಕಿದ್ದರು. ಇಟಲಿಯ ಚಿತ್ರ ನಿರ್ದೇಶಕ ಫೆಲಿನಿ ನೆಚ್ಚಿಕೊಂಡಿದ್ದ 5ನೇ ಸ್ಟುಡಿಯೊದಲ್ಲೇ 1993ರಲ್ಲಿ ಅವರ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿದ್ದರಂತೆ! ಅದು ನನ್ನ ಮನಸ್ಸನ್ನು ತುಂಬಾ ತಟ್ಟಿತು.

ಹೋಗುವವರು ಇಂಗ್ಲಿಷ್ ಮಾರ್ಗದರ್ಶನದ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ.