ಯುಗಾದಿ ರಜೇಲಿ ಮೈಸೂರು-ಮಂಡ್ಯ ಸುತ್ತ ಹಳೇ ಮನೆ, ಮ್ಯೂಸಿಯಂ ಯಾವ್ದು ನೋಡ್ಬೋದು?

ಕೆರೆಏರಿ_ಮನೆ:

ಎಲ್ರಿಗೂ ನಮಸ್ಕಾರ. ನಾವು ಮಂಡ್ಯದೋರು. ಈ ಸಲ ಯುಗಾದಿಗೆ ನಮ್ಮಣ್ಣ ಅತ್ತಿಗೆ ಮಕ್ಳನ್ನ ಕರ್ಕೊಂಡು ಪುಣೆಯಿಂದ ಬರ್ತಿದಾರೆ, ದೊಡ್ಡೋನು ಎಂಟನೇ ಕ್ಲಾಸು, ಚಿಕ್ಕೋಳು ನಾಲ್ಕನೇ ಕ್ಲಾಸು. ಅರಮನೆ, ಝೂ, ಬೃಂದಾವನ ಎಲ್ಲ ನೋಡಿ ಮುಗ್ಸಿದಾರೆ, ಮತ್ತೆ ಅಲ್ಲಿಗೇ ಕರ್ಕೊಂಡೋಗೋಕೆ ನಂಗೂ ಇಷ್ಟ ಇಲ್ಲ. ಹುಡ್ಗನಿಗೆ ಹಿಸ್ಟರಿ ಅಂದ್ರೆ ಪ್ರಾಣ, ಫೋನ್ ಮಾಡ್ದಾಗೆಲ್ಲ ಟಿಪ್ಪು ಯುದ್ಧ, ಒಡೆಯರು ಅಂತ ಏನಾದ್ರೂ ಕೇಳ್ತಾನೇ ಇರ್ತಾನೆ. ಅದಕ್ಕೆ ಈ ಸಲ ಜನ ನಿಜವಾಗ್ಲೂ ಬಾಳಿ ಬದುಕಿದ ಹಳೇ ಮನೆಗಳು, ನಮ್ಮ ಕಡೆ ಇತಿಹಾಸ ಹೇಳೋ ಸಣ್ಣ ಮ್ಯೂಸಿಯಂಗಳು, ಇಂಥವನ್ನ ತೋರ್ಸೋಣ ಅಂತ ಆಸೆ.

ತೊಂದ್ರೆ ಏನಂದ್ರೆ ಹಬ್ಬದ ದಿನ ಎಣ್ಣೆ ನೀರು, ಒಬ್ಬಟ್ಟು, ಪೂಜೆ ಅಂತ ಮಧ್ಯಾಹ್ನ ಆಗೋಗತ್ತೆ, ಮಾರನೇ ದಿನ ಹೊಸತೊಡಕು, ಮನೆ ತುಂಬ ನೆಂಟ್ರು, ಅವತ್ತು ಯಾರೂ ಹೊರಗೆ ಕಾಲಿಡಲ್ಲ. ಹಬ್ಬದ ದಿನ ಮ್ಯೂಸಿಯಂಗಳು ತೆಗ್ದಿರ್ತವಾ? ನಮ್ಮತ್ತೆನೂ ಬರ್ತೀನಿ ಅಂತಿದಾರೆ, ಅವ್ರಿಗೆ ಮಂಡಿ ನೋವು, ಜಾಸ್ತಿ ಮೆಟ್ಲು ಹತ್ತೋಕಾಗಲ್ಲ. ಮೇಲುಕೋಟೇಲಿ ಸ್ವಾಮಿಗೆ ವಜ್ರದ ಕಿರೀಟ ಇಡೋ ವೈರಮುಡಿ ಉತ್ಸವನೂ ಇದೇ ಟೈಮಲ್ಲಿ ಬರತ್ತಲ್ವಾ, ಎರಡೂ ಸೇರ್ಸ್ಕೋಬೋದಾ? ಗೊತ್ತಿರೋರು ದಯವಿಟ್ಟು ಹೇಳಿ.

ಯಾದವಗಿರಿ_ವಾಸಿ:

ಮೇಡಂ, ಮೊದ್ಲು ಟೈಮಿಂಗ್ ವಿಷಯ ಹೇಳ್ಬಿಡ್ತೀನಿ. ಯುಗಾದಿ ಸರ್ಕಾರಿ ರಜೆ, ಯೂನಿವರ್ಸಿಟಿ, ಕಾರ್ಪೊರೇಷನ್ ನೋಡ್ಕೊಳ್ಳೋ ಜಾಗಗಳು ಅವತ್ತು ತೆಗ್ದಿರ್ತವೆ ಅಂತ ನಂಬ್ಕೊಂಡು ಹೋಗ್ಬೇಡಿ. ವಾರದ ರಜೆನೂ ಒಂದೊಂದು ಕಡೆ ಒಂದೊಂದು ದಿನ ಇರತ್ತೆ, ಹಿಂದಿನ ದಿನ ಒಂದು ಫೋನ್ ಮಾಡಿ ಕೇಳ್ಕೊಳ್ಳಿ. ಹಬ್ಬದ ಸಂಜೆ ಮಾತ್ರ ಸುಮ್ನೆ ಮನೇಲಿ ಕೂರ್ಬೇಡಿ, ಭಾನುವಾರ ಮತ್ತೆ ಸರ್ಕಾರಿ ರಜೆ ದಿನ ಅರಮನೆಗೆ ದೀಪ ಹಾಕ್ತಾರೆ, ಮಂಡ್ಯದಿಂದ ಬಂದು ನೋಡ್ಕೊಂಡು ಊಟದ ಹೊತ್ತಿಗೆ ವಾಪಸ್ ಹೋಗ್ಬೋದು.

ಮನೆ ಅಂತ ಕೇಳಿದ್ರಲ್ಲ, ನಮ್ಮ ಯಾದವಗಿರೀಲಿ ಆರ್ ಕೆ ನಾರಾಯಣ್ ಅವ್ರ ಮನೆ ಖಂಡಿತ ನೋಡಿ. 1950ರ ದಶಕದ ಶುರುವಿನಲ್ಲಿ ಅವ್ರೇ ನಿಂತು ಕಟ್ಟಿಸ್ಕೊಂಡ ಮನೆ. ಅವ್ರು ಚೆನ್ನೈಗೆ ಹೋದ್ಮೇಲೆ ಖಾಲಿ ಬಿದ್ದಿತ್ತು, 2011ರಲ್ಲಿ ಒಡೆಯೋಕೇ ಶುರು ಮಾಡಿದ್ರು, ಊರಿನ ಜನ, ಬರಹಗಾರರು, ಪೇಪರ್‌ನೋರು ಎಲ್ಲ ದನಿ ಎತ್ತಿದ ಮೇಲೆ ನಿಂತಿದ್ದು. ಆಮೇಲೆ ರಿಪೇರಿ ಮಾಡ್ಸಿ 2016ರಲ್ಲಿ ಮ್ಯೂಸಿಯಂ ಅಂತ ತೆಗೆದ್ರು. ಒಳಗೆ ಅವ್ರ ಕನ್ನಡಕ, ಬಟ್ಟೆ, ಪುಸ್ತಕ, ಪ್ರಶಸ್ತಿಗಳು ಇವೆ. ನಂಗೆ ಅದಕ್ಕಿಂತ ಇಷ್ಟ ಆಗೋದು ಮಹಡಿ ಮೇಲಿನ ಬರೆಯೋ ರೂಮು, ಅರ್ಧ ವೃತ್ತದ ಹಾಗೆ ಮುಂದಕ್ಕೆ ಬಂದಿದೆ, ಸುತ್ತ ಕಿಟಕಿಗಳೇ. ಅಲ್ಲಿ ನಿಂತು ಹೊರಗೆ ನೋಡಿದ್ರೆ ಒಬ್ಬ ಮನುಷ್ಯ ಕೂತು ಬರೆಯೋಕೆ ಎಷ್ಟು ಬೇಕೋ ಅಷ್ಟನ್ನ ಮಾತ್ರ ಕಟ್ಟಿಸ್ಕೊಂಡಿದಾರೆ ಅಂತ ಅರ್ಥ ಆಗತ್ತೆ. ಆಡಂಬರ ಒಂಚೂರೂ ಇಲ್ಲ. ನಿಮ್ಮತ್ತೆ ಕೆಳಗಡೆ ಮಾತ್ರ ನೋಡ್ಲಿ, ಮೇಲಕ್ಕೆ ಮೆಟ್ಲೇ ಹತ್ಬೇಕು.

ಅಲ್ಲಿಂದ ರೈಲ್ ಮ್ಯೂಸಿಯಂ ಹತ್ರಾನೇ, ಕೆಆರ್‌ಎಸ್ ರೋಡಲ್ಲಿ. ಚಿಕ್ಕೋಳಿಗೆ ಎಂಜಿನ್ ನೋಡೋ ಖುಷಿ, ದೊಡ್ಡೋರಿಗೆ 1899ರ ಮಹಾರಾಣಿ ಸಲೂನ್ ಬೋಗಿ ಇದೆ, ಅಡುಗೆ ಮನೆ, ಊಟದ ಜಾಗ ಎಲ್ಲ ರೈಲೊಳಗೇ. ಅದೂ ಒಂದು ಮನೆನೇ ಅಲ್ವಾ. ಆಮೇಲೆ ಇರ್ವಿನ್ ರೋಡಲ್ಲಿ ವೆಲ್ಲಿಂಗ್ಟನ್ ಲಾಡ್ಜ್ ಅಂತಿದೆ, ಮೈಸೂರಿನೋರೇ ಎಷ್ಟೋ ಜನ ಅದರ ಮುಂದೆ ಓಡಾಡ್ತಾರೆ, ಒಳಗೆ ಹೋಗಿರಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಇದ್ದ ಮನೆ ಅದು, ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದೋನು ಅವನೇ. ಎಂಟನೇ ಕ್ಲಾಸ್ ಹುಡ್ಗನಿಗೆ ಇದನ್ನ ಹೇಳಿ, ಮುಖ ನೋಡಿ. ಈಗ ಅದು ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ, ಬುಡಕಟ್ಟು ಜನರ ಬದುಕಿನ ವಸ್ತುಗಳ ಪ್ರದರ್ಶನ ಇಡ್ತಾರೆ.

ಪಟ್ಣದ_ಹುಡುಗ:

ಅಕ್ಕ, ಮಂಡ್ಯದಿಂದ ಮೈಸೂರಿಗೆ ಹೋಗೋ ದಾರೀಲಿ ನಮ್ಮೂರು ಬಿಟ್ಟು ಹೋದ್ರೆ ಹೆಂಗೆ? ನಿಮ್ಮಣ್ಣನ ಮಗ ಟಿಪ್ಪು ಅಂತಿದಾನೆ ಅಂದ್ರೆ ಶ್ರೀರಂಗಪಟ್ಣದ ದರಿಯಾ ದೌಲತ್‌ಗೆ ಕನಿಷ್ಠ ಅರ್ಧ ದಿನ ಇಟ್ಕೊಳ್ಳಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಬಹುಪಾಲು ತೇಗದ ಮರ. ಹೆಚ್ಚಿನೋರು ಏನ್ ಮಾಡ್ತಾರೆ ಅಂದ್ರೆ ಸೀದಾ ಒಳಗೆ ಹೋಗಿ ಕತ್ತಿ, ನಾಣ್ಯ, ಚಿತ್ರ ನೋಡ್ಕೊಂಡು ಹತ್ತು ನಿಮಿಷಕ್ಕೆ ಆಚೆ ಬರ್ತಾರೆ. ದಯವಿಟ್ಟು ಹಂಗೆ ಮಾಡ್ಬೇಡಿ. ಅದರ ಅಸಲಿ ಆಸ್ತಿ ಇರೋದು ಹೊರಗಡೆ ಗೋಡೆ ಮೇಲೆ. ಬಿಸಿಲಿಗೆ ಬಣ್ಣ ಹೋಗ್ಬಾರ್ದು ಅಂತ ಸುತ್ತ ಪರದೆ ಇಳಿಬಿಟ್ಟಿರ್ತಾರೆ, ಅದರ ಹಿಂದೆ ಹೋಗಿ ನಿಂತ್ರೆ ಮೊದ್ಲು ಕಣ್ಣಿಗೆ ಕತ್ತಲೆ ಅನ್ಸತ್ತೆ, ಸ್ವಲ್ಪ ಹೊತ್ತು ತಡ್ಕೊಳ್ಳಿ, ಆಮೇಲೆ ಒಬ್ಬೊಬ್ಬ ಸೈನಿಕನ ಮೀಸೆನೂ ಕಾಣತ್ತೆ.

ಪಶ್ಚಿಮದ ಗೋಡೇಲಿ 1780ರ ಪೊಳ್ಳಿಲೂರು ಯುದ್ಧ ಇದೆ, ಹೈದರಾಲಿ ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯನ ಮಣ್ಣು ಮುಕ್ಕಿಸಿದ್ದು. ಗಾಯ ಆಗಿರೋ ಕಂಪನಿ ಕಡೆಯ ಕರ್ನಲ್ ಬೇಲಿ ಪಲ್ಲಕ್ಕೀಲಿ ಕೂತು ಬೆರಳು ಕಚ್ಚಿಕೊಂಡಿರೋದು, ಮದ್ದಿನ ಗಾಡಿ ಸಿಡಿಯೋದು, ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿರೋದು, ಇದನ್ನೆಲ್ಲ ಮಕ್ಳಿಗೇ ಹುಡುಕೋಕೆ ಬಿಡಿ, ನೀವು ಬೆರಳು ಮಾಡಿ ತೋರ್ಸ್ಬೇಡಿ. ಅದಾದ್ಮೇಲೆ ಕೋಟೆ ಒಳಗೆ ಬೇಲಿ ಡಂಜನ್ ಅಂತ ಸೆರೆಮನೆ ಇದೆ, ಗೋಡೆ ಮೇಲೆ ಪಲ್ಲಕ್ಕೀಲಿ ನೋಡಿದ ಆ ಮನುಷ್ಯನೇ ಸೆರೆಸಿಕ್ಕಿ 1782ರಲ್ಲಿ ಈ ಊರಲ್ಲೇ ಸತ್ತಿದ್ದು. ಇವೆರಡನ್ನೂ ಇದೇ ಕ್ರಮದಲ್ಲಿ ನೋಡ್ಬೇಕು, ಉಲ್ಟಾ ನೋಡಿದ್ರೆ ಡಂಜನ್ ಬರೀ ಕಲ್ಲು ಗಾರೆ ಥರ ಕಾಣತ್ತೆ.

ಇನ್ನೊಂದು ಮಾತು ಹುಡ್ಗನಿಗೆ ಹೇಳಿ. ಈಗ ಕಾಣೋ ಬಣ್ಣ ಪೂರ್ತಿ ಟಿಪ್ಪು ಕಾಲದ್ದಲ್ಲ. ಚಿತ್ರ ಮಾಸಿಹೋಗಿದ್ದಾಗ 1855ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ ಮತ್ತೆ ಬರೆಸಿದ್ದು. ಸೋತೋರ ಕಡೆಯವನೇ ತಮ್ಮ ಸೋಲಿನ ಚಿತ್ರನ ಉಳಿಸಿದ್ದು, ನಂಗಂತೂ ಪ್ರತಿ ಸಲ ಅಲ್ಲಿ ನಿಂತಾಗ ಇದೇ ನೆನಪಾಗತ್ತೆ. ಮಂಡಿ ನೋವಿನೋರಿಗೆ ಇದು ಒಳ್ಳೇ ಜಾಗ, ಗೇಟಿಂದ ತೋಟದೊಳಗೆ ನಡೀಬೇಕು, ಕಟ್ಟೆ ಹತ್ತೋಕೆ ಒಂದಷ್ಟು ಮೆಟ್ಲಿವೆ ಅಷ್ಟೇ, ಗೋಡೆ ಚಿತ್ರಗಳನ್ನ ಮಹಡಿ ಹತ್ತದೇನೇ ನೋಡ್ಬೋದು. ಬೆಳಗ್ಗೆನೇ ಬನ್ನಿ, ಯುಗಾದಿ ಹೊತ್ತಿಗೆ ನಮ್ಮಲ್ಲಿ ಹನ್ನೊಂದು ಗಂಟೆ ಮೇಲೆ ಬಿಸಿಲು ತಡ್ಕೊಳೋಕಾಗಲ್ಲ.

ಗಂಗೋತ್ರಿ_ಹಳೇ_ವಿದ್ಯಾರ್ಥಿ:

ಜಯಲಕ್ಷ್ಮಿ ವಿಲಾಸದ ಹೆಸರು ಯಾರೂ ಯಾಕೆ ಎತ್ತಿಲ್ಲ? ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸು ಮಾನಸಗಂಗೋತ್ರಿ ಒಳಗಿರೋ ಜಾನಪದ ವಸ್ತುಸಂಗ್ರಹಾಲಯ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟೋಗಿದ್ದು ರಾಜಕುಮಾರಿ ಜಯಲಕ್ಷಮ್ಮಣ್ಣಿಯವ್ರ ಮದುವೆ ಸಮಯದಲ್ಲಿ, ಅದೇ ರಾಜಕುಮಾರಿಗೆ ಅಂತ 1905ರಲ್ಲಿ ಕಟ್ಟಿದ ಮನೆ ಇದು. ಈಗಿನ ಅರಮನೆ ಮುಗಿದಿದ್ದೇ 1912ಕ್ಕೆ. ಒಳಗಿರೋದು ಮಾತ್ರ ರಾಜರ ವಸ್ತುಗಳಲ್ಲ, ನಮ್ಮ ನಿಮ್ಮ ಅಜ್ಜಿ ತಾತಂದಿರ ಮನೆ ಸಾಮಾನು. ಸೋಮನ ಮುಖವಾಡ, ತೊಗಲು ಗೊಂಬೆ, ನೇಗಿಲು, ಒರಳು, ಅಳತೆ ಪಾತ್ರೆ, ಏನಿಲ್ಲ ಅಂತಿಲ್ಲ. ಯೂನಿವರ್ಸಿಟಿಯೋರು 1968ರಲ್ಲಿ ಶುರು ಮಾಡಿದ್ದು, ಜಾನಪದ ವಿದ್ವಾಂಸ ಜೀಶಂಪ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥೋರು ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿದ ಶ್ರಮ ಅದರ ಹಿಂದೆ ಇದೆ. ಹಳೇ ಕಟ್ಟಡ, ಆಗಾಗ ದುರಸ್ತಿ ಕೆಲಸ ಬರತ್ತೆ, ಹಂಗಾಗಿ ಹೊರಡೋ ಮುಂಚೆ ತೆಗ್ದಿದೆಯಾ ಅಂತ ಕೇಳ್ಲೇಬೇಕು.

ನಿಮ್ಮತ್ತೆನ ಇಲ್ಲಿಗೆ ಕರ್ಕೊಂಡೋಗಿ. ಕಾಲು ನೋವು ಅಂತ ಅವ್ರನ್ನ ಕಾರಲ್ಲೇ ಕೂರ್ಸ್ಬೇಡಿ. ಸೇರು, ಪಾವು, ಚಟಾಕು, ಕೊಳಗ ಅಂತ ಬೋರ್ಡಲ್ಲಿ ಬರೆದಿರತ್ತೆ, ಮಕ್ಳು ಓದಿ ಮುಂದೆ ಹೋಗ್ತಾರೆ. ಒಂದು ಸೇರು ಅಕ್ಕಿ ಅಂದ್ರೆ ಎಷ್ಟು ಜನಕ್ಕೆ ಅನ್ನ ಆಗ್ತಿತ್ತು, ಪಕ್ಕದ ಮನೆಗೆ ಸಾಲ ಕೊಡುವಾಗ ತಲೆಗಟ್ಟಿ (ರಾಶಿ ಏರಿಸಿ) ಅಳೀಬೇಕೋ ಗೀಚಿ (ಮಟ್ಟ ಮಾಡಿ) ಅಳೀಬೇಕೋ ಅನ್ನೋದು ಅಲ್ಲಿ ಬರೆದಿಲ್ಲ, ಅದನ್ನ ಅವ್ರೇ ಹೇಳ್ಬೇಕು.

ಚೆಲುವನ_ಬೀದಿ:

ಮೇಲುಕೋಟೆ ಬಗ್ಗೆ ನಾನು ಹೇಳ್ತೀನಿ, ನಮ್ದು ಅದೇ ಊರು. ವೈರಮುಡಿ ಯುಗಾದಿ ತಾರೀಖಿಗೆ ಕಟ್ಟುಬಿದ್ದಿಲ್ಲ, ಮೀನ ಮಾಸದ ಪುಷ್ಯ ನಕ್ಷತ್ರದ ಲೆಕ್ಕ, ಹಂಗಾಗಿ ಕೆಲವು ವರ್ಷ ಯುಗಾದಿಗೆ ಮುಂಚೆನೇ ಮುಗ್ದೋಗತ್ತೆ, ಕೆಲವು ವರ್ಷ ಯುಗಾದಿ ಕಳೆದ ಮೇಲೆ ಬರತ್ತೆ. 2024ರಲ್ಲಿ ಮುಂಚೆ ಬಂತು, 2025ರಲ್ಲಿ ಆಮೇಲೆ ಬಂತು. ಈ ವರ್ಷದ್ದು ಪಂಚಾಂಗದಲ್ಲಿ ನೋಡ್ಕೊಂಡು ಪ್ಲಾನ್ ಮಾಡಿ.

ಆದ್ರೆ ಮನೆ, ಮ್ಯೂಸಿಯಂ ನೋಡ್ಬೇಕು ಅನ್ನೋ ಮನಸ್ಸಿದ್ರೆ ವೈರಮುಡಿ ದಿನಾನೇ ಬರ್ಬೇಡಿ. ಲಕ್ಷಗಟ್ಲೆ ಜನ, ಗಾಡಿ ದೂರದಲ್ಲೇ ನಿಲ್ಲಿಸ್ತಾರೆ, ವಯಸ್ಸಾದೋರು ಮಕ್ಳು ಇದ್ರೆ ಕಷ್ಟ. ಬ್ರಹ್ಮೋತ್ಸವ ಒಂದೇ ದಿನದ್ದಲ್ಲ, ಮುಂದೆ ಹಿಂದೆ ದಿನಾಲೂ ಒಂದೊಂದು ಉತ್ಸವ ಇರತ್ತೆ, ಅಂಥ ದಿನ ಬನ್ನಿ. ಊರಿಗೆ ಹಬ್ಬದ ಕಳೆನೂ ಇರತ್ತೆ, ಬೀದೀಲಿ ಓಡಾಡೋಕೆ ಜಾಗನೂ ಸಿಗತ್ತೆ.

ಕವಿ ಪು.ತಿ.ನ. ಅವ್ರ ಮನೆ ನಮ್ಮೂರಲ್ಲೇ ಇದೆ, ಸ್ಮಾರಕವಾಗಿ ಉಳಿಸಿದಾರೆ. 1905ರ ಮಾರ್ಚ್ 17ಕ್ಕೆ ಹುಟ್ಟಿದ್ದು, ಅಂದ್ರೆ ನೀವು ಬರೋ ಇದೇ ಕಾಲದಲ್ಲಿ. ಚಿಕ್ಕ ಮನೆ, ಅರಮನೆ ನೋಡಿದ ಕಣ್ಣಿಗೆ ಇಷ್ಟೇನಾ ಅನ್ನಿಸ್ಬೋದು. ಆದ್ರೆ ಆ ಮನೆ ನೋಡಿ ಆಚೆ ಬಂದು ಹಂಗೇ ಬೀದಿ ಹಿಡ್ಕೊಂಡು ಕಲ್ಯಾಣಿ ತನಕ ನಡೀರಿ, ಜಗಲಿ ಇರೋ ಹೆಂಚಿನ ಮನೆಗಳು ಇನ್ನೂ ಇವೆ, ದೇವಸ್ಥಾನದ ನಾದಸ್ವರ ಕೇಳಿಸ್ತಿರತ್ತೆ, ಮೇಲೆ ಯೋಗನರಸಿಂಹನ ಬೆಟ್ಟ. ಅವ್ರ ಪದ್ಯದಲ್ಲಿ ಬರೋ ಬೆಟ್ಟ, ದೇಗುಲ, ಕೊಳ ಎಲ್ಲ ಒಂದು ಸುತ್ತಲ್ಲೇ ಸಿಕ್ಕತ್ತೆ. ನಂಗೆ ಇಡೀ ಬೀದಿನೇ ಅವ್ರ ಮ್ಯೂಸಿಯಂ. ಬೆಟ್ಟ ಅತ್ತೆಯವ್ರಿಗೆ ಬೇಡ, ಮೆಟ್ಲು ಜಾಸ್ತಿ, ಅವ್ರು ಚೆಲುವನಾರಾಯಣನ ಗುಡೀಲಿ ಇರ್ಲಿ. ಮಧ್ಯಾಹ್ನ ಕಲ್ಲು ಹಾಸು ಕಾದಿರತ್ತೆ, ಬರಿಗಾಲಲ್ಲಿ ಮಕ್ಳು ಕುಣೀತಾರೆ, ಕಾಲುಚೀಲ ಇಟ್ಕೊಳ್ಳಿ. ಪುಳಿಯೋಗರೆ ತಿನ್ನದೆ ಹೋಗ್ಬೇಡಿ.

ಕೆರೆಏರಿ_ಮನೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಇದನ್ನೆಲ್ಲ ನಮ್ಮತ್ತೆಗೆ ಓದಿ ಹೇಳ್ದೆ, ಸೇರು ಪಾವು ಅಂದ ತಕ್ಷಣ ಅವ್ರು ಅವ್ರಪ್ಪನ ಮನೆ ತೊಟ್ಟಿ, ಹಗೇವು ಅಂತ ಶುರು ಮಾಡಿದ್ರು, ಒಲೆ ಮೇಲಿನ ಸಾರು ಉಕ್ಕಿದ್ರೂ ನಿಲ್ಲಿಸ್ಲಿಲ್ಲ. ಹಗೇವು ಅಂದ್ರೆ ನಂಗೇ ಸರಿಯಾಗಿ ಗೊತ್ತಿಲ್ಲ. ಅಂಥ ತೊಟ್ಟಿಮನೆ ನೋಡೋಕೆ ಎಲ್ಲಾದ್ರೂ ಸಿಗತ್ತಾ? ಇನ್ನೊಂದು, ನಮ್ಮಣ್ಣನ ಮಗ ಫೋನಲ್ಲಿ ಕೇಳ್ದ, ವೈರಮುಡಿ ಕಿರೀಟನ ಮ್ಯೂಸಿಯಂನಲ್ಲಿ ಯಾಕೆ ಇಟ್ಟಿಲ್ಲ ಅಂತ. ಏನ್ ಹೇಳ್ಲಿ?

ಸಕ್ಕರೆಸೀಮೆ_ರೈತ:

ಅಕ್ಕಾ, ತೊಟ್ಟಿಮನೆಗೆ ಟಿಕೆಟ್ ತಗೊಂಡು ಹೋಗ್ಬೇಕಾ, ನಿಮ್ಮತ್ತೆಯೋರ ತವರಿಗೇ ಹೋಗಿ. ಆ ಮನೆ ಇಲ್ದೆ ಇದ್ರೂ ಅದೇ ಊರಲ್ಲಿ ಇನ್ನೊಬ್ರದ್ದು ಇದ್ದೇ ಇರ್ತದೆ, ಹಬ್ಬದ ದಿನ ನೆಂಟ್ರು ಬಂದ್ರೆ ಯಾರೂ ಬ್ಯಾಡ ಅನ್ನಕಿಲ್ಲ. ನಡುವೆ ಆಕಾಶಕ್ಕೆ ಬಾಯಿ ಬಿಟ್ಕೊಂಡಿರೋ ತೊಟ್ಟಿ, ಸುತ್ತ ಕಂಬ, ಪಡಸಾಲೆ, ನಾಡಹೆಂಚಿನ ಸೂರು ನಾಲ್ಕೂ ಕಡೆಯಿಂದ ಒಳಕ್ಕೇ ಇಳಿಜಾರು, ಮಳೆ ನೀರು ತೊಟ್ಟಿಗೇ ಬೀಳ್ತದೆ, ಅಲ್ಲಿಂದ ಕಾಲುವೇಲಿ ಆಚೆಗೆ. ಬೆಳಕು ಗಾಳಿ ಅಲ್ಲಿಂದ್ಲೇ. ದನ ಕಟ್ಟೋ ಕೊಟ್ಟಿಗೆನೂ ಎಷ್ಟೋ ಮನೇಲಿ ಬಾಗ್ಲು ದಾಟಿದ ತಕ್ಷಣ ಒಳಗೇ.

ಹಗೇವು ಅಂದ್ರೆ ರಾಗಿ ತುಂಬಿಡೋ ನೆಲದೊಳಗಿನ ಗುಂಡಿ. ಮೇಲೆ ಕಿರಿದಾದ ಬಾಯಿ, ಕೆಳಗೆ ಅಗಲ. ರಾಗಿ ಅದರಲ್ಲಿ ವರ್ಷಗಟ್ಲೆ ಕೆಡದೆ ಇರ್ತಿತ್ತು, ಬರಗಾಲಕ್ಕೆ ಅದೇ ಆಸರೆ. ತೆಗೆದ ತಕ್ಷಣ ಯಾರೂ ಇಳೀತಿರ್ಲಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಕೊಂಡಿರ್ತದೆ, ಬಾಯಿ ತೆಗೆದು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆರದೆ ಉರಿದ್ರೆ ಮಾತ್ರ ಇಳೀತಿದ್ರು. ಮಕ್ಳಿಗೆ ತೋರ್ಸುವಾಗ ಹುಷಾರು, ಹಳೇ ಹಗೇವು ಹತ್ರ ಒಬ್ಬೊಬ್ರನ್ನೇ ಬಿಡ್ಬೇಡಿ.

ಇನ್ನೊಂದ್ ಕೆಲ್ಸ ಮಾಡಿ. ಯುಗಾದಿ ಬೆಳಗ್ಗೆ ಹಳ್ಳೀಲಿ ಹೊನ್ನಾರು ಕಟ್ತಾರೆ, ಎತ್ತು ತೊಳೆದು ಕೊಂಬಿಗೆ ಬಣ್ಣ ಬಳಿದು, ಪಂಚಾಂಗದಲ್ಲಿ ಯಾರ ಹೆಸರಿಗೆ ಬರ್ತದೋ ಅವ್ರು ವರ್ಷದ ಮೊದ್ಲ ಉಳುಮೆ ಮಾಡ್ತಾರೆ. ಮ್ಯೂಸಿಯಂ ಬಾಗ್ಲು ಹಾಕಿದ್ರೆ ಹಾಕ್ಲಿ, ಅವತ್ತು ಮಕ್ಳನ್ನ ಹೊಲದ ಬದಿಗೆ ಕರ್ಕೊಂಡೋಗಿ. ಈಗ ಟ್ರ್ಯಾಕ್ಟರ್ ಬಂದು ಜೋಡಿ ಎತ್ತು ಕಮ್ಮಿಯಾಗವೆ, ನಮ್ಮೂರಲ್ಲೇ ಮೊದ್ಲಿನಷ್ಟು ಇಲ್ಲ, ಇರೋವಾಗ್ಲೇ ನೋಡ್ಬೇಕು.

ಮತ್ತೆ ಮದ್ದೂರು ಹತ್ರ ಶಿವಪುರದ ಸತ್ಯಾಗ್ರಹ ಸೌಧ ಮರೀಬೇಡಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಬಾರ್ದು ಅಂತ ನಿಷೇಧ ಇದ್ದಾಗ ಜನ ಸೇರಿ ಹಾರಿಸಿದ ಜಾಗ. ನಮ್ಮ ಜಿಲ್ಲೆ ಮಕ್ಳಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ ಅನ್ನೋದು ನಂಗೆ ಬೇಜಾರು.

ಚೆಲುವನ_ಬೀದಿ:

ಕಿರೀಟದ ಪ್ರಶ್ನೆಗೆ ನಾನು ಹೇಳ್ತೀನಿ, ಒಳ್ಳೇ ಪ್ರಶ್ನೆ ಕೇಳಿದಾನೆ ಹುಡ್ಗ. ವೈರಮುಡಿ ವರ್ಷವಿಡೀ ನಿಮ್ಮ ಮಂಡ್ಯದ ಜಿಲ್ಲಾ ಖಜಾನೇಲೇ ಭದ್ರವಾಗಿರತ್ತೆ. ಆ ಒಂದು ದಿನ ಪೂಜೆ ಮಾಡಿ, ಪೊಲೀಸ್ ಕಾವಲಲ್ಲಿ ಮೇಲುಕೋಟೆಗೆ ತರ್ತಾರೆ, ದಾರೀಲಿ ಹಳ್ಳಿಯೋರು ನಿಲ್ಸಿ ಮಂಗಳಾರತಿ ಮಾಡ್ತಾರೆ. ಹಗಲು ಬೆಳಕು ಅದರ ಮೇಲೆ ಬೀಳಬಾರ್ದು ಅನ್ನೋದು ಸಂಪ್ರದಾಯ, ಅದಕ್ಕೆ ರಾತ್ರಿನೇ ಸ್ವಾಮಿಗೆ ಧರಿಸಿ ಗರುಡನ ಮೇಲೆ ಉತ್ಸವ, ಬೆಳಗಾಗೋದ್ರೊಳಗೆ ತೆಗೀತಾರೆ. ಆಮೇಲೆ ರಾಜಮುಡಿ ಇಡ್ತಾರೆ, ಅದು ರಾಜ ಒಡೆಯರು ಕೊಟ್ಟಿದ್ದು. ಗಾಜಿನ ಪೆಟ್ಟಿಗೇಲಿ ಇಟ್ರೆ ದಿನಾಲೂ ನೋಡ್ಬೋದಿತ್ತು ನಿಜ, ಆದ್ರೆ ಅದನ್ನ ಇಟ್ಕೊಂಡಿರೋದು ಸ್ವಾಮಿಗೆ ಮುಡಿಸೋಕೆ, ನಮಗೆ ತೋರ್ಸೋಕಲ್ಲ, ಹಂಗಂತ ಹೇಳಿ ಅವನಿಗೆ.

ಇನ್ನು ಮಂಡ್ಯದಲ್ಲೇ ಇರೋದ್ರಿಂದ ನಿಮಗೆ ಒಂದು ಅನುಕೂಲ ಇದೆ. ಈ ವರ್ಷ ಯುಗಾದಿ ಆದ್ಮೇಲೆ ವೈರಮುಡಿ ಬಂದು, ಅಷ್ಟೊತ್ತಿಗೆ ಮಕ್ಳು ಇನ್ನೂ ಇಲ್ಲೇ ಇದ್ರೆ, ಮೇಲುಕೋಟೆ ನೂಕುನುಗ್ಗಲು ಬೇಡ, ಬೆಳಗ್ಗೆ ಖಜಾನೆಯಿಂದ ಹೊರಡುವಾಗ ಹೋಗಿ ನಿಂತ್ಕೊಳ್ಳಿ. ಪೆಟ್ಟಿಗೆ ಮಾತ್ರ ಕಾಣತ್ತೆ, ಕಿರೀಟ ಕಾಣಲ್ಲ. ಹೊರಡೋ ಟೈಮ್ ಹಿಂದಿನ ದಿನ ಲೋಕಲ್ ಪೇಪರಲ್ಲಿ ಬಂದಿರತ್ತೆ.