ಹಳೆಯ ಮೋಸಿನ್ ರೈಫಲ್ ಹಾರಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಲೈಸೆನ್ಸ್ ಮೇಲೆ 1943ರ ಸೋವಿಯತ್ ಸೇನೆಯ ರೈಫಲ್, ಮೋಸಿನ್-ನಾಗಾಂಟ್ 91/30, ಕೊಂಡಿದ್ದೇನೆ. ಮೈತುಂಬ ಗಟ್ಟಿ ಗ್ರೀಸು. ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ), ನಳಿಗೆ ಎರಡರ ನಂಬರೂ ಒಂದೇ. ಹಾಗಾದರೆ ಹಾರಿಸಲು ಅಡ್ಡಿಯಿಲ್ಲ ತಾನೆ? ಮೊದಲ ಸಲ ಟ್ರಿಗರ್‌ಗೆ ಹಗ್ಗ ಕಟ್ಟಿ ದೂರದಿಂದ ಎಳೆದು ನೋಡು ಅಂತ ಗೆಳೆಯ ಹೇಳುತ್ತಾನೆ.

ಉತ್ತರ: ನಂಬರ್ ಒಂದೇ ಇದೆ ಅಂತ ನಂಬಬೇಡಿ. ಯುದ್ಧ ಮುಗಿದ ಮೇಲೆ ಸೋವಿಯತ್ ಶಸ್ತ್ರಾಗಾರಗಳಲ್ಲಿ ಬೇರೆ ಬೋಲ್ಟ್ ಕೂರಿಸಿ, ನಳಿಗೆಯ ನಂಬರನ್ನೇ ಅದಕ್ಕೂ ಹಾಕಿ ಕಳಿಸಿದ ರೈಫಲ್‌ಗಳು ಬೇಕಾದಷ್ಟಿವೆ. ನೋಡಬೇಕಾದ್ದು ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾದ ಬುಡಕ್ಕೆ ಉಳಿಯುವ ಜಾಗ. ಅದು ಹೆಚ್ಚಾದರೆ ತೋಟಾದ ಕೋಶ ಬುಡದ ಹತ್ತಿರ ಹರಿದು ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ನಿಮ್ಮ ಮುಖ. 7.62×54ಆರ್ ತೋಟಾಗೆ ಬುಡದಲ್ಲಿ ಅಂಚಿರುವುದರಿಂದ ಅಳತೆಯೂ ಆ ಅಂಚಿನದೇ; ಗನ್‌ಸ್ಮಿತ್ ಬಳಿ ಅದರ ಗೇಜ್ ಇರುತ್ತದೆ. ಹಗ್ಗದ ಪರೀಕ್ಷೆಯಿಂದ ಗೊತ್ತಾಗುವುದು ಆ ಒಂದು ಸಲ ಸಿಡಿಯಲಿಲ್ಲ ಅನ್ನುವುದಷ್ಟೇ.

ಅದಕ್ಕೂ ಮೊದಲು ಗ್ರೀಸು ಪೂರ್ತಿ ತೆಗೆಯಿರಿ. ನಳಿಗೆ ಹೊಳೆಯುವ ಹಾಗೆ ಒರೆಸಿ ಬೋಲ್ಟಿನ ಒಳಗನ್ನು ಮರೆಯುವವರೇ ಹೆಚ್ಚು. ಅಲ್ಲಿ ಗ್ರೀಸು ಉಳಿದರೆ ಫೈರಿಂಗ್ ಪಿನ್ ಪೆಟ್ಟು ಮೆತ್ತಗಾಗಿ ತೋಟಾ ಹಾರುವುದಿಲ್ಲ. ತೋಟಾ ಕೂರುವ ಚೇಂಬರಿನಲ್ಲಿ ಉಳಿದರೆ ಕೆಲವು ಗುಂಡು ಹಾರಿಸುವಷ್ಟರಲ್ಲಿ ಬೋಲ್ಟ್ ಕಚ್ಚಿಕೊಳ್ಳುತ್ತದೆ. ಆಗ ಸುತ್ತಿಗೆ ಹುಡುಕಬೇಡಿ.

ಮರುಪ್ರಶ್ನೆ: ಟ್ರಿಗರ್ ಎಳೆದರೂ ಹಾರದಿದ್ದರೆ ಏನು ಮಾಡಲಿ? ಹಳೇ ಮಿಲಿಟರಿ ತೋಟಾ ಹಾಕಬಹುದಾ?

ಉತ್ತರ: ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಿರಿ, ತಡವಾಗಿ ಹಾರುವ ತೋಟಾಗಳುಂಟು. ಸದ್ದು ಕ್ಷೀಣವಾಗಿ ಬಂದರೆ ಇನ್ನೊಂದು ಗುಂಡು ಹಾಕಲೇಬೇಡಿ. ಮೊದಲಿನದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು.

ಹಳೇ ತೋಟಾ ಒಣಗಿ, ತುಕ್ಕು ಬಿರುಕು ಇಲ್ಲದೆ ಇದ್ದರೆ ಹಾಕಬಹುದು. ಆದರೆ ಅವುಗಳ ಪ್ರೈಮರ್‌ನಲ್ಲಿ, ಅಂದರೆ ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಕೊಡುವ ಬುಡದ ಭಾಗದಲ್ಲಿ, ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದು ಉಳಿಯುವ ಉಪ್ಪು ಗಾಳಿಯ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಆ ಉಪ್ಪು ಕರಗದು. ಅದೇ ದಿನ ನಳಿಗೆ, ಬೋಲ್ಟ್ ಮುಖ ಎರಡನ್ನೂ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಸವರಿ. ಅಮೋನಿಯಾ ಬೇಕೇ ಬೇಕು ಅನ್ನುವವರಿದ್ದಾರೆ. ಕೆಲಸ ಮಾಡುವುದು ಅದರಲ್ಲಿರುವ ನೀರು.

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಬೇಕೇ ಬೇಕು. ಬಟ್ (ಹೆಗಲಿಗೆ ತಾಗುವ ಹಿಂತುದಿ) ಮೇಲೆ ಉಕ್ಕಿನ ತಗಡಿದೆ, ಹೆಗಲಿಗೆ ಒತ್ತಿ ಹಿಡಿಯಿರಿ. ಗುರಿ ತಪ್ಪಿದರೆ ಬೇಜಾರಾಗಬೇಡಿ. ಸೋವಿಯತ್ ಸೇನೆ ಈ ರೈಫಲ್‌ನ ಗುರಿ ಹೊಂದಿಸುತ್ತಿದ್ದದ್ದು ಬಯೋನೆಟ್ ಸಿಕ್ಕಿಸಿ. ಅದಿಲ್ಲದಿದ್ದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ.